ಬೆಲ್‌ಹ್ಯಾಮಿನ ಆಚೆ ದಡ

"ಮುಚ್ಚಳ ಗಟ್ಟಿಯಾಗಿ ಹಿಡ್ಕೋ ಅತ್ತೆ, ತಿರುವು ಬಂತು," ಎಂದು ಜೂನೆಲ್ ಸ್ಟೀರಿಂಗ್ ತಿರುಗಿಸುತ್ತಲೇ ಕೂಗಿದಳು.

ವ್ಯಾನಿನ ಹಿಂದಿನ ಸೀಟಿನಲ್ಲಿ ಇವಾಡ್ನೆ ಆಡಿನ ಸಾರಿನ ದೊಡ್ಡ ಪಾತ್ರೆಯನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಮಡಿಸಿದ ಟವೆಲ್ಲಿನಿಂದ ಅದರ ಮುಚ್ಚಳವನ್ನು ಅದುಮಿ ಕೂತಿದ್ದಳು. ತಿರುವಿನಲ್ಲಿ ಸಾರು ಒಳಗೇ ಒಮ್ಮೆ ತುಳುಕಿ, ಲವಂಗದ ವಾಸನೆ ವ್ಯಾನಿನ ತುಂಬ ಹರಡಿತು. ಮುಂದಿನ ಸೀಟಿನಲ್ಲಿದ್ದ ಆಂಟಿಗಾದ ದಪ್ಪ ಮನುಷ್ಯ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡ.

"ಮಿಸ್ ಇವಾಡ್ನೆ, ಜ್ವಾಲಾಮುಖಿ ಆಮೇಲೆ ನೋಡೋಣ. ಮೊದಲು ಇದನ್ನ ಮುಗಿಸಿಬಿಡೋಣ," ಎಂದ.

"ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೊಳ್ಳಿ. ಊಟ ವಾಪಸ್ ಬಂದ ಮೇಲೆ."

ಅವಳಿಗೆ ಈ ವ್ಯಾನಿನಲ್ಲಿ ಕೂರುವ ಉದ್ದೇಶವೇ ಇರಲಿಲ್ಲ. ಜೂನೆಲ್ ಅವಳ ಅಣ್ಣನ ಮಗಳು. ಪಕ್ಕದ ಆಂಟಿಗಾ ದ್ವೀಪದಿಂದ ಬೆಳಿಗ್ಗೆಯ ಹಡಗಿನಲ್ಲಿ ಬಂದು ಸಂಜೆಯ ಹಡಗಿನಲ್ಲಿ ಹೋಗುವ ಪ್ರವಾಸಿಗರಿಗೆ ಮಾಂಟ್‌ಸೆರಾಟ್ ದ್ವೀಪ ತೋರಿಸುವುದು ಅವಳ ಕೆಲಸ. ಯಾವಾಗಲೂ ಊಟ ಹಾಕುತ್ತಿದ್ದ, ದ್ವೀಪದ ಸೇಲಂ ಎಂಬ ಊರಿನ ಹೋಟೆಲಿನವರು ಮದುವೆಗೆಂದು ಬಾಗಿಲು ಹಾಕಿಕೊಂಡು ಹೋಗಿದ್ದರಿಂದ, ಸಾರು ಮಾಡಿಕೊಡು ಎಂದು ಅತ್ತೆಯ ಬೆನ್ನು ಬಿದ್ದಿದ್ದಳು. ಇವಾಡ್ನೆ ಪಾತ್ರೆಯೊಂದಿಗೆ ಸೇಲಂನಲ್ಲೇ ಇಳಿದು, ಗೆಳತಿ ಟೆರೆಸೀನಾಳ ಜಗಲಿಯಲ್ಲಿ ಕಾಯುವುದೆಂದು ಮಾತಾಗಿತ್ತು. ಬಂದು ನೋಡಿದರೆ ಟೆರೆಸೀನಾಳ ಗೇಟಿಗೆ ಬೀಗ. ಕಣ್ಣಿನ ಡಾಕ್ಟರು ಬಂದಿದ್ದಾರೆಂದು ಆಸ್ಪತ್ರೆಗೆ ಹೋಗಿದ್ದಾಳೆ ಎಂದು ಪಕ್ಕದ ಮನೆಯವರು ಹೇಳಿದರು. ಸುಡುವ ಪಾತ್ರೆ ಹಿಡಿದುಕೊಂಡು ರಸ್ತೆಯಲ್ಲಿ ನಿಲ್ಲುವುದಕ್ಕಾಗುತ್ತದೆಯೇ? "ಬನ್ನಿ ಬನ್ನಿ, ಬೆಟ್ಟ ನಿಮ್ಮನ್ನ ಕಚ್ಚಲ್ಲ," ಎಂದು ಆ ಆಂಟಿಗಾದವನು, ಕಾನ್ರಾಯ್ ಎಂದು ಅವನ ಹೆಸರು, ನಕ್ಕಿದ್ದ. ಆ ನಗುವಿಗೆ ರೇಗಿಯೇ ಅವಳು ಮತ್ತೆ ವ್ಯಾನ್ ಹತ್ತಿದ್ದು.

ಬೆಟ್ಟ ಸಿಡಿದು ಪ್ಲಿಮತ್ ಪಟ್ಟಣವನ್ನು ಬೂದಿಯಲ್ಲಿ ಹೂತ ಮೇಲೆ ಇವಾಡ್ನೆ ಸೇಲಂನಿಂದ ದಕ್ಷಿಣಕ್ಕೆ ಕಾಲಿಟ್ಟಿರಲಿಲ್ಲ. ಜಾರ್ಜ್ ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿಯಿತ್ತು. ಒಂದು ವಾರದ ಮಟ್ಟಿಗೆ ಊರು ಬಿಡಿ ಎಂದು ಸರ್ಕಾರ ಹೇಳಿದಾಗ ಎರಡು ಉಡುಪು ಚೀಲಕ್ಕೆ ತುರುಕಿಕೊಂಡು ಹೊರಟವಳು, ಆಮೇಲೆ ಉತ್ತರದ ಲುಕ್‌ಔಟ್ ಎಂಬ ಹಳ್ಳಿಯಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಮನೆ ಸೇರಿ, ಬ್ರೆಡ್ಡು ಸುಟ್ಟು ಮಾರಿ ಬದುಕಿದಳು. ಊರಿನವರೆಲ್ಲ ಒಮ್ಮೆಯಾದರೂ ಹೋಗಿ ನೋಡಿಕೊಂಡು ಬಂದರು, ಅತ್ತು ಬಂದರು. ಇವಳು ಹೋಗಲಿಲ್ಲ. ಜೂನೆಲ್ ಈ ಕೆಲಸಕ್ಕೆ ಸೇರಿದಾಗಲಂತೂ ಮನೆಯಲ್ಲಿ ದೊಡ್ಡ ರಂಪವಾಗಿತ್ತು. "ಸತ್ತವರ ಮನೆ ಬಾಗಿಲು ತೆಗೆದು ಪರದೇಶದವರಿಗೆ ತೋರಿಸ್ತೀಯಲ್ಲ, ನಾಚಿಕೆ ಆಗಲ್ವೇನೇ?" ಎಂದಿದ್ದಳು ಇವಾಡ್ನೆ. ಆ ಮಾತನ್ನು ಅವಳು ಈವರೆಗೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

ರಸ್ತೆ ಇಳಿಯುತ್ತ ಇಳಿಯುತ್ತ ಇದ್ದಕ್ಕಿದ್ದಂತೆ ಮುಗಿದೇ ಹೋಯಿತು. ಮುಂದೆ ಬೆಲ್‌ಹ್ಯಾಮ್ ಕಣಿವೆ. ಇವಾಡ್ನೆಗೆ ನೆನಪಿದ್ದದ್ದು ಒಂದು ಸೇತುವೆ, ಕೆಳಗೆ ಸಣ್ಣ ಹೊಳೆ, ಹೊಳೆಯ ದಡದಲ್ಲಿ ಸಾಹೇಬರು ಗಾಲ್ಫ್ ಆಡುತ್ತಿದ್ದ ಹಸಿರು ಬಯಲು. ಈಗ ಅಲ್ಲಿ ಸಮುದ್ರದವರೆಗೆ ಚಾಚಿದ ಬೂದು ಮರಳಿನ ಹಾಸು, ಅದರ ಮೇಲೆ ಅಲ್ಲಲ್ಲಿ ಉರುಳಿ ಬಂದು ಕೂತ ಬಂಡೆಗಳು, ನಡುವೆ ಸೆರಗಿನ ಅಂಚಿನಷ್ಟು ತೆಳ್ಳಗೆ ಹರಿಯುತ್ತಿದ್ದ ತಿಳಿನೀರು. ಸೇತುವೆ ಎಲ್ಲಿ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ.

"ಸೇತುವೆ ನಮ್ಮ ಕೆಳಗೇ ಇದೆ," ಎಂದು ಜೂನೆಲ್ ತಾನಾಗಿಯೇ ಹೇಳಿದಳು. ಹೇಳಿದ್ದು ಹಿಂದೆ ಕೂತಿದ್ದ ಟೊರಾಂಟೋದ ದಂಪತಿಗೆ. ಇಬ್ಬರೂ ನಿವೃತ್ತ ಶಾಲಾ ಶಿಕ್ಷಕರು. ಹೆಂಡತಿ ಲೋಯಿಸ್ ಕಿಟಕಿಗೆ ಹಣೆ ಒತ್ತಿ ನೋಡುತ್ತಿದ್ದಳು. ಗಂಡ ಬಾರ್ಟ್‌ ಕ್ಯಾಮೆರಾ ತೆಗೆಯುವುದನ್ನೇ ಮರೆತಿದ್ದ. ವ್ಯಾನು ಮರಳಿನ ಮೇಲೆ ತೂಗುತ್ತ ಆಚೆ ದಡ ಹತ್ತಿತು.

ಅಲ್ಲಿಂದಾಚೆ ನಿಷೇಧಿತ ವಲಯ; ಕಾವಲಿನವನು ತಡೆಗಂಬ ಎತ್ತಿದ. ಆಮೇಲೆ ರಸ್ತೆಯ ಎರಡೂ ಬದಿಗೆ ಖಾಲಿ ಮನೆಗಳು ಬಂದವು. ಜನರಿಲ್ಲದ ಆ ಮನೆಗಳನ್ನು ಕಾಡು ತನ್ನದಾಗಿಸಿಕೊಂಡ ಬಗೆಯನ್ನು ನೋಡಿ ಇವಾಡ್ನೆ ಮುಚ್ಚಳದ ಮೇಲಿನ ಕೈ ಸಡಿಲಿಸಿದಳು. ಅವಳು ಊಹಿಸಿಕೊಂಡಿದ್ದು ಸುಟ್ಟ ನೆಲ, ಕರಿಕಲು ಮರ. ಇಲ್ಲಿ ನೋಡಿದರೆ ಬೋಗನ್‌ವಿಲ್ಲಾ ಬಳ್ಳಿ ಮಾಡು ಹತ್ತಿ, ಆ ಕಡೆ ಇಳಿದು, ಪಕ್ಕದ ಮನೆಯ ಮಾಡನ್ನೂ ಹತ್ತಿತ್ತು. ಯಾರದೋ ಅಡುಗೆಮನೆಯ ಕಿಟಕಿಯಿಂದ ಮಾವಿನ ಮರದ ಕೊಂಬೆ ಹೊರಕ್ಕೆ ಬಂದು, ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಿತ್ತು.

"ಬೂದಿ ಬಿದ್ದ ನೆಲ ಹೀಗೇ. ಏನು ಹಾಕಿದ್ರೂ ಬರತ್ತೆ," ಎಂದಳು ಜೂನೆಲ್.

"ನಮ್ಮ ಆಂಟಿಗಾದಲ್ಲಿ ಕೊಡದಲ್ಲಿ ನೀರು ಹೊತ್ತು ಹಾಕಿದ್ರೂ ಬರಲ್ಲ," ಎಂದು ಕಾನ್ರಾಯ್ ನಿಟ್ಟುಸಿರಿಟ್ಟ.

"ಹೇಗೆ ಬರತ್ತೆ? ನಿಮ್ಮದು ದ್ವೀಪ ಅಲ್ಲ, ಅಪ್ಪಚ್ಚಿಯಾದ ರೊಟ್ಟಿ. ಮೋಡ ಬಂದ್ರೆ ತಡೆಯೋಕೆ ಒಂದು ಬೆಟ್ಟ ಬೇಡ್ವಾ?" ಎಂದಳು ಇವಾಡ್ನೆ. ಹೇಳಿದ ಮೇಲೆ ತಾನೇ ಬೆಚ್ಚಿದಳು. ಆ ಬೆಟ್ಟದ ಪರವಾಗಿ ಅವಳ ಬಾಯಿಂದ ಒಂದು ಮಾತು ಬಂದದ್ದು ಎಷ್ಟು ವರ್ಷಕ್ಕೋ. ಕನ್ನಡಿಯಲ್ಲಿ ಜೂನೆಲ್‌ಳ ಕಣ್ಣು ಒಮ್ಮೆ ಅವಳ ಮೇಲೆ ಬಿದ್ದು, ಮತ್ತೆ ರಸ್ತೆಗೆ ಹೋಯಿತು.

ಪಟ್ಟಣದಲ್ಲಿ ಇಳಿದಾಗ ಇವಾಡ್ನೆ ಗಟ್ಟಿಮನಸ್ಸು ಮಾಡಿಕೊಂಡೇ ಇಳಿದಳು. ಅಳಬಾರದು, ಪರದೇಶದವರ ಎದುರಿಗಂತೂ ಅಳಬಾರದು. ತನ್ನ ಬೀದಿಯನ್ನು ಕಣ್ಣಲ್ಲಿ ಹುಡುಕಿ, ಒಮ್ಮೆ ನೋಡಿ, ವ್ಯಾನಿಗೆ ಬಂದು ಕೂರಬೇಕು. ಆದರೆ ಬೀದಿಯೇ ಸಿಗಲಿಲ್ಲ. ಎತ್ತ ತಿರುಗಿದರೂ ಅದೇ ಬೂದು ಬಯಲು, ಅಲ್ಲಲ್ಲಿ ತಲೆ ಎತ್ತಿದ ಒಂದೊಂದು ಮಾಡು, ಸೊಂಟದೆತ್ತರಕ್ಕೆ ಬೆಳೆದ ಹುಲ್ಲು. ಇದು ಚರ್ಚಿನ ಬದಿಯೋ, ಮಾರುಕಟ್ಟೆಯ ಬದಿಯೋ? ಸಮುದ್ರ ಕೂಡ ಇರಬೇಕಾದ ಕಡೆ ಇರಲಿಲ್ಲ; ಇಷ್ಟು ದೂರ ಯಾವಾಗ ಹೋಯಿತು? ಕಣ್ಣು ಕಟ್ಟಿದರೂ ನಡೆಯಬಲ್ಲೆ ಎಂದುಕೊಂಡಿದ್ದ ಊರಿನಲ್ಲಿ ಅವಳು ದಿಕ್ಕು ತಪ್ಪಿ ನಿಂತಳು.

"ಅತ್ತೆ, ನೀನು ಕೆಳಗಿಂದ ಲೆಕ್ಕ ಹಾಕ್ತಾ ಇದೀಯ," ಎಂದು ಜೂನೆಲ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ನಾವು ನಿಂತಿರೋದು ಎರಡನೇ ಮಹಡಿ ಮಟ್ಟದಲ್ಲಿ. ಮೇಲಿಂದ ನೋಡು. ಆ ಕೆಂಪು ತಗಡು ಇದೆಯಲ್ಲ, ಅದು ಔಷಧಿ ಅಂಗಡಿ ಮಾಡು. ಅಲ್ಲಿಂದ ಎಡಕ್ಕೆ."

ಇವಾಡ್ನೆ ನೋಡಿದಳು. ಔಷಧಿ ಅಂಗಡಿಯ ಮಾಡನ್ನು ಅವಳು ಯಾವತ್ತೂ ಮೇಲಿನಿಂದ ನೋಡಿರಲಿಲ್ಲ. ಆದರೂ ಅಲ್ಲಿಂದ ಎಡಕ್ಕೆ ಮನಸ್ಸು ತಾನಾಗಿ ನಡೆಯಿತು: ಮೀನಿನ ಮಾರ್ಟಿನ್ ಕೂರುತ್ತಿದ್ದ ಕಟ್ಟೆ, ಬೂಟಿನ ಅಂಗಡಿ, ಆಮೇಲೆ ಅವಳದ್ದೇ ನೀಲಿ ಬಾಗಿಲು. ಆ ಜಾಗದಲ್ಲಿ ಈಗ ಒಂದು ಹುಲ್ಲಿನ ದಿಬ್ಬವಿತ್ತು. ದಿಬ್ಬದ ಮೇಲೆ ಹಳದಿ ಚಿಟ್ಟೆಗಳು ಹಾರಾಡುತ್ತಿದ್ದವು.

ಜೂನೆಲ್ ಹುಟ್ಟಿದ್ದು ಈ ಊರು ಮುಚ್ಚಿದ ವರ್ಷ. ಬದುಕಿದ್ದ ಊರನ್ನು ಅವಳು ನೋಡಿದವಳಲ್ಲ. ಆದರೆ ಅವಳು ಆ ಮೂವರ ಮುಂದೆ ನಿಂತು ಮಾತಾಡತೊಡಗಿದಾಗ ಇವಾಡ್ನೆ ಕಿವಿಗೊಟ್ಟು ಕೇಳಿದಳು. ಎಷ್ಟು ಜನ ಸತ್ತರು, ಬೆಂಕಿಯ ಮೋಡ ಎಷ್ಟು ವೇಗವಾಗಿ ಬಂತು ಎಂಬುದನ್ನೆಲ್ಲ ಹೇಳುತ್ತಾಳೆ ಎಂದುಕೊಂಡಿದ್ದಳು. ಹುಡುಗಿ ಅದನ್ನು ಒಂದೆರಡು ಮಾತಿನಲ್ಲಿ, ದನಿ ತಗ್ಗಿಸಿ, ಹೇಳಿ ಮುಗಿಸಿದಳು. ಆಮೇಲೆ ಶನಿವಾರದ ಸಂತೆಯ ಮಾತು ಎತ್ತಿದಳು. ಹಳ್ಳಿಗಳಿಂದ ಹೆಂಗಸರು ತಲೆಯ ಮೇಲೆ ಗೆಣಸು ಹೊತ್ತು ಬರುತ್ತಿದ್ದುದು, ಪೊಲೀಸಿನವನೊಬ್ಬ ಬಟಾಣಿ ಮಾರುವವಳಿಗೆ ಮನಸೋತು ಪ್ರತಿ ವಾರ ಬಟಾಣಿ ಕೊಂಡು ಕೊಂಡು ತಾಯಿಯಿಂದ ಬೈಸಿಕೊಂಡದ್ದು.

"ಈ ಬೀದಿಯಲ್ಲೇ ಒಬ್ಬ ಟೈಲರಮ್ಮ ಇದ್ರು," ಎಂದು ಜೂನೆಲ್ ದಿಬ್ಬದ ಕಡೆ ಕೈ ತೋರಿಸಿದಳು. "ಒಂದು ಮದುವೆ ದಿನ ಹುಡುಗಿ ಚರ್ಚಿನ ಮೆಟ್ಟಿಲ ಮೇಲೆ ನಿಂತಿದಾಳೆ, ಉಡುಪಿನ ಅಂಚು ಬಿಚ್ಚಿ ಹೋಗಿದೆ. ಒಳಗೆ ಆರ್ಗನ್ ಶುರುವಾಗಿದೆ. ಟೈಲರಮ್ಮ ಬಾಯಲ್ಲಿ ಸೂಜಿ ಕಚ್ಕೊಂಡು ಓಡಿ ಬಂದು, ಅವಳ ಹಿಂದೇನೇ ಮೊಣಕಾಲಲ್ಲಿ ನಡೀತಾ ನಡೀತಾ ಹೊಲಿದ್ರಂತೆ. ಪಾದ್ರಿ ಹತ್ರ ಹೋಗೋ ಹೊತ್ತಿಗೆ ಕೊನೇ ಗಂಟು ಬಿತ್ತು. ಊರವರೆಲ್ಲ ಮದುಮಗಳನ್ನ ಬಿಟ್ಟು ಟೈಲರಮ್ಮಂಗೆ ಚಪ್ಪಾಳೆ ಹೊಡೆದ್ರು."

ಲೋಯಿಸ್ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ಕಾನ್ರಾಯ್ ಜೋರಾಗಿ ನಕ್ಕ.

ಇವಾಡ್ನೆ ನಗಲಿಲ್ಲ. ಆ ಕಥೆಯನ್ನು ಅವಳು ಲುಕ್‌ಔಟ್‌ನ ಮನೆಯಲ್ಲಿ, ಹಿಟ್ಟು ನಾದುತ್ತ, ಟೆರೆಸೀನಾಳಿಗೆ ಹೇಳುತ್ತಿದ್ದಳು. ಆಗೆಲ್ಲ ಈ ಹುಡುಗಿ ಮೇಜಿನ ಕೆಳಗೆ ಬೆಕ್ಕಿನ ಜೊತೆ ಆಡುತ್ತಿರುತ್ತಿತ್ತು. ಆಟವಾಡುತ್ತಿದೆ ಎಂದುಕೊಂಡಿದ್ದೆವಲ್ಲ, ಎಲ್ಲವನ್ನೂ ಕೇಳಿಸಿಕೊಂಡಿದೆ! ಬಂದವರಿಗೆ ಇವಳು ತೋರಿಸುತ್ತಿದ್ದದ್ದು ಹೆಣವನ್ನಲ್ಲ. ಇಷ್ಟು ವರ್ಷ ತಾನು ಏನೆಂದುಕೊಂಡಿದ್ದೆ, ಇವಳು ಮಾಡುತ್ತಿದ್ದದ್ದು ಏನು ಎಂದು ಅವಳು ಆ ಬಿಸಿಲಿನಲ್ಲಿ ಸುಮ್ಮನೆ ನಿಂತು ಹುಡುಗಿಯ ಬೆನ್ನನ್ನೇ ನೋಡಿದಳು.

ಕಾನ್ರಾಯ್‌ಗೆ ಬೇಕಾದದ್ದು ಕ್ರಿಕೆಟ್ ಮೈದಾನ. ಹುಡುಗನಾಗಿದ್ದಾಗ ಇಲ್ಲಿ ಆಡಿ ಗೆದ್ದಿದ್ದನಂತೆ. ಮೈದಾನವೂ ಬೂದಿಯ ಕೆಳಗಿತ್ತು. ಅವನು ಹ್ಯಾಟು ತೆಗೆದು, ಪಿಚ್ ಇರಬಹುದಾದ ಕಡೆ ಹೋಗಿ, ಇಲ್ಲದ ಬ್ಯಾಟು ಬೀಸಿ ಬಂದ. "ಸಿಕ್ಸರ್," ಎಂದ. "ಔಟ್," ಎಂದಳು ಇವಾಡ್ನೆ.

ವಾಪಸ್ ಹೊರಟಾಗ ಪಟ್ಟಣದ ಮೇಲೆ ಕಣ್ಣು ಕುಕ್ಕುವ ಬಿಸಿಲಿತ್ತು. ಬೆಟ್ಟದ ತಲೆ ಮಾತ್ರ ಬೆಳಗಿನಿಂದಲೂ ಮೋಡದಲ್ಲಿ ಹುದುಗಿತ್ತು; ಈಗ ಆ ಮೋಡ ಕಪ್ಪಾಗಿತ್ತು. ಬೆಲ್‌ಹ್ಯಾಮ್ ದಂಡೆಗೆ ಬಂದು ಜೂನೆಲ್ ವ್ಯಾನು ನಿಲ್ಲಿಸಿ ಇಳಿದಳು. ಬಾಗಿ, ಹರಿಯುವ ನೀರಿನ ಎಳೆಗೆ ಬೆರಳು ಅದ್ದಿದಳು. ಬೆಳಿಗ್ಗೆ ತಿಳಿಯಾಗಿದ್ದ ನೀರು ರಾಗಿ ಅಂಬಲಿಯ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಅಷ್ಟೇ. ಅಗಲ ಹೆಚ್ಚಿರಲಿಲ್ಲ, ಆಳ ಪಾದ ಮುಳುಗುವಷ್ಟೂ ಇರಲಿಲ್ಲ.

ಅವಳು ಬಂದು ವ್ಯಾನನ್ನು ಹಿಂದಕ್ಕೆ ತೆಗೆದು, ಎತ್ತರದ ಒಂದು ಹುಣಿಸೆ ಮರದ ಕೆಳಗೆ ನಿಲ್ಲಿಸಿದಳು. "ಈಗ ದಾಟೋ ಹಾಗಿಲ್ಲ. ಎಲ್ಲರೂ ಇಳಿರಿ, ಇಲ್ಲೇ ಕಾಯೋಣ."

"ಕಾಯೋದಾ? ಯಾಕೆ?" ಎಂದ ಕಾನ್ರಾಯ್. "ಹಡಗಿನ ಹೊತ್ತಾಯ್ತು ಮಗಳೇ. ನಾಳೆ ಬೆಳಿಗ್ಗೆ ನನ್ನ ಮೊಮ್ಮಗಳ ದೀಕ್ಷಾಸ್ನಾನ ಇದೆ, ಚರ್ಚಿನಲ್ಲಿ ನಾನಿರಬೇಕು."

"ಮೇಲೆ ಮಳೆ ಆಗ್ತಿದೆ, ನೀರಿನ ಬಣ್ಣ ತಿರುಗಿದೆ."

"ಮಳೆ ಮೇಲೆ ತಾನೇ? ಇಲ್ಲಿ ಬಿಸಿಲಿದೆ. ಎರಡು ನಿಮಿಷದ ದಾರಿ. ನಲವತ್ತು ವರ್ಷದಿಂದ ಟ್ಯಾಕ್ಸಿ ಓಡಿಸ್ತಾ ಇದೀನಿ. ಬೀಗದಕೈ ಇಲ್ಲಿ ಕೊಡು, ನಾನು ದಾಟಿಸ್ತೀನಿ. ಅರ್ಧ ಚಕ್ರ ಕೂಡ ಒದ್ದೆ ಆಗಲ್ಲ."

ಜೂನೆಲ್ ಬೀಗದಕೈಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. "ಕೊಡಲ್ಲ."

ಬಾರ್ಟ್ ನೀರನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ ವ್ಯಾನಿನಿಂದ ಇಳಿದ. ಇವಾಡ್ನೆಗೂ ಆಚೆ ದಡ ಕಾಣುತ್ತಿತ್ತು. ಅಲ್ಲಿ ರಸ್ತೆ, ವಿದ್ಯುತ್ ಕಂಬ, ಒಗೆದು ಹಾಕಿದ ಬಟ್ಟೆ, ಜನ. ಈ ಕಡೆ ಖಾಲಿ ಮನೆಗಳು, ಸಂಜೆ. ಅವಳ ಎದೆಯಲ್ಲಿ ಹಳೆಯ ಭಯ ಒಮ್ಮೆಲೇ ಎದ್ದು ನಿಂತಿತು. ಈ ಬೆಟ್ಟದ ಕಾಲ ಬಳಿ ಕತ್ತಲಾಗುವುದನ್ನು ನೋಡುವುದು ಅವಳಿಗೆ ಸಾಧ್ಯವಿರಲಿಲ್ಲ.

"ಅವರು ಹೇಳೋದು ಸರಿ ಕಣೇ," ಎಂದಳು. "ಇಷ್ಟು ನೀರಿಗೆ ಯಾರಾದರೂ ಹೆದರ್ತಾರಾ? ಸುಮ್ನೆ ಓಡಿಸು. ಹೋಗಿಬಿಡೋಣ."

"ಇಲ್ಲ ಅತ್ತೆ."

"ನಾನು ಹೇಳ್ತಾ ಇದೀನಿ ಜೂನೆಲ್. ನಿನ್ನ ಎತ್ತಿ ಆಡಿಸಿದವಳು ನಾನು."

"ಮನೆಯಲ್ಲಿ ನೀನು ಕತ್ತೆ ಅಂದ್ರೂ ಕೇಳ್ತೀನಿ," ಎಂದಳು ಜೂನೆಲ್. ದನಿ ಏರಿಸಲಿಲ್ಲ. "ಇಲ್ಲಿ ನಾನು ಹೇಳಿದ್ದೇ ನಡೆಯೋದು. ನಿಮ್ಮೆಲ್ಲರ ಜೀವ ಇವತ್ತು ನನ್ನ ಕೈಲಿದೆ. ಬಯ್ಯೋದಿದ್ರೆ ಬಯ್ಕೊಳ್ಳಿ, ಆದರೆ ಮರದ ಕೆಳಗೆ ಕೂತು ಬಯ್ಯಿರಿ."

ಕಾನ್ರಾಯ್ ಹಾಗೆಯೇ ಮಾಡಿದ. ಮರದ ಬೇರಿನ ಮೇಲೆ ಕೂತು, ಹೆಂಗಸರ ಡ್ರೈವಿಂಗನ್ನೂ ಮಾಂಟ್‌ಸೆರಾಟಿನ ಸರ್ಕಾರವನ್ನೂ, ಹುಡುಗಿಯ ಹಟವನ್ನೂ ಒಂದೊಂದಾಗಿ ಬೈದ. ಜೂನೆಲ್ ಬೆಟ್ಟದ ಕಡೆ ಮುಖ ಮಾಡಿ ನಿಂತಳು. ಇವಾಡ್ನೆ ಮುಖ ತಿರುಗಿಸಿಕೊಂಡಳು. ಇಷ್ಟು ಜನರ ಮುಂದೆ ತನ್ನ ಮಾತು ತೆಗೆದು ಹಾಕಿದಳಲ್ಲ ಎಂದು ಅವಳ ಕೆನ್ನೆ ಬಿಸಿಯಾಗಿತ್ತು.

ಮೊದಲು ಬಂದದ್ದು ವಾಸನೆ. ಒದ್ದೆ ಬೂದಿ ಮತ್ತು ಗಂಧಕದ ವಾಸನೆ. ಆಮೇಲೆ ಕೂತ ಬೇರು ಸಣ್ಣಗೆ ನಡುಗಿತು. ಕಾನ್ರಾಯ್ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿದ. ಕಣಿವೆಯ ಮೇಲಿನ ತಿರುವಿನಲ್ಲಿ ಎಷ್ಟೋ ಲಾರಿ ಜಲ್ಲಿ ಒಟ್ಟಿಗೇ ಸುರಿದಂಥ ಸದ್ದು ಎದ್ದಿತು, ಎದ್ದದ್ದು ನಿಲ್ಲಲಿಲ್ಲ. ತಿರುವು ದಾಟಿ ಕಂದು ಗೋಡೆಯೊಂದು ಬಂತು. ಅದನ್ನು ನೀರು ಎಂದು ಹೇಳುವ ಹಾಗಿರಲಿಲ್ಲ. ಗಾರೆ ಕಲಸಿದಂಥ ರಾಡಿ, ಅದರ ಮೇಲೆ ಬುಡಸಮೇತ ಕಿತ್ತ ಮರಗಳು, ಎಮ್ಮೆಯಷ್ಟು ದೊಡ್ಡ ಬಂಡೆಗಳು ಬೆಂಡಿನ ಹಾಗೆ ತೇಲಿ, ಒಂದಕ್ಕೊಂದು ಬಡಿದು, ಹೊರಳಿ, ಸಮುದ್ರದ ಕಡೆ ಹೋದವು. ಬೆಳಿಗ್ಗೆ ಅವರ ವ್ಯಾನು ಮೂಡಿಸಿದ್ದ ಚಕ್ರದ ಗುರುತು ಕಣ್ಣೆದುರಿಗೇ ಇಲ್ಲವಾಯಿತು. ಕಣಿವೆಯ ಈ ಅಂಚಿನಿಂದ ಆ ಅಂಚಿನವರೆಗೆ ದ್ವೀಪವೇ ಎದ್ದು ನಡೆಯುತ್ತಿದ್ದಂತಿತ್ತು.

ಲೋಯಿಸ್ ಗಂಡನ ತೋಳು ಹಿಡಿದುಕೊಂಡಿದ್ದಳು. ಕಾನ್ರಾಯ್ ಹ್ಯಾಟು ತೆಗೆದು ಎದೆಗೆ ಹಿಡಿದಿದ್ದ. ಅವನ ತುಟಿ ಅಲುಗುತ್ತಿತ್ತು, ಬಹುಶಃ ಪ್ರಾರ್ಥನೆ. ಇವಾಡ್ನೆಗೆ ಭಯವಾಯಿತು. ಆದರೆ ಭಯದ ಜೊತೆಗೇ ಮತ್ತೇನೋ ಇತ್ತು. ಆ ಬಲವನ್ನು, ಆ ಅಗಾಧತೆಯನ್ನು ಅವಳು ಕಣ್ಣು ಮುಚ್ಚದೆ ನೋಡಿದಳು, ನೋಡುವುದನ್ನು ನಿಲ್ಲಿಸಲಾಗಲಿಲ್ಲ.

ಜೂನೆಲ್ ಕಾಣಲಿಲ್ಲ. ಇವಾಡ್ನೆ ವ್ಯಾನಿನ ಹಿಂದೆ ಹೋದಳು. ಹುಡುಗಿ ವ್ಯಾನಿಗೆ ಒರಗಿ ನೆಲದಲ್ಲಿ ಕೂತಿದ್ದಳು. ಬೀಗದಕೈಯನ್ನು ಇನ್ನೂ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಬರದೇ ಹೋಗಿದ್ರೆ?" ಎಂದಳು ಜೂನೆಲ್. "ಒಂದೊಂದ್ಸಲ ಬರೋದೇ ಇಲ್ಲ ಅತ್ತೆ. ಸುಮ್ನೆ ಕಾದು, ಹಡಗು ತಪ್ಪಿಸಿ, ಎಲ್ಲರ ಹತ್ರ ಉಗಿಸ್ಕೊಂಡು ಹೋಗ್ತೀನಿ."

"ಆವಾಗ್ಲೂ ಕಾಯ್ತೀಯ?"

"ಕಾಯ್ತೀನಿ."

ಇವಾಡ್ನೆ ವ್ಯಾನಿನಿಂದ ಪಾತ್ರೆ ಇಳಿಸಿ, ಮುಚ್ಚಳ ತೆಗೆದು, ತಳದಿಂದ ಒಳ್ಳೆಯ ತುಂಡುಗಳನ್ನೇ ಹುಡುಕಿ ಬಟ್ಟಲಿಗೆ ಹಾಕಿದಳು. ಕಾನ್ರಾಯ್ ಕೈ ಚಾಚಿದ. ಇವಾಡ್ನೆ ಅವನನ್ನು ದಾಟಿ ಹೋಗಿ, ಹುಡುಗಿಯ ಮುಷ್ಟಿಯಿಂದ ಬೀಗದಕೈ ಬಿಡಿಸಿ, ಬಟ್ಟಲನ್ನು ಆ ಕೈಗಳೊಳಗೆ ಇಟ್ಟು, ತನ್ನ ಕೈಗಳಿಂದ ಅವನ್ನು ಸುತ್ತುವರಿದು ಹಿಡಿದುಕೊಂಡಳು.

"ಅತಿಥಿಗಳಿಗೆ ಮೊದಲು ಅತ್ತೆ."

"ಅತಿಥಿಗಳು ಬದುಕಿದಾರಲ್ಲ, ಸಾಕು. ತಿನ್ನು."

ಆಮೇಲೆ ಎಲ್ಲರೂ ಹುಣಿಸೆ ಮರದ ಕೆಳಗೆ ಕೂತು, ಬ್ರೆಡ್ಡು ಅದ್ದಿಕೊಂಡು ಸಾರು ತಿಂದರು. ಹಸಿವು ಎಲ್ಲರಿಗೂ ಒಟ್ಟಿಗೇ ಗೊತ್ತಾಗಿತ್ತು. ಬಂದರಿಗೆ ಫೋನು ಮಾಡಿದರೆ ಹಡಗು ಹೊರಟು ಹೋಗಿದೆ ಎಂದರು. ಬೆಳಿಗ್ಗೆ ಬೇಗ ಇನ್ನೊಂದು ದೋಣಿಯಲ್ಲಿ ಕಳಿಸಿಕೊಡುವುದಾಗಿ ಹೇಳಿದರು. ದೀಕ್ಷಾಸ್ನಾನದ ಹೊತ್ತಿಗೆ ಮುಟ್ಟಬಹುದು. ಕಾನ್ರಾಯ್ ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿ ಬಾಯಿಗೆ ಹಾಕಿಕೊಂಡು, ಎದ್ದು ಜೂನೆಲ್ ಮುಂದೆ ಬಂದು ನಿಂತ.

"ಮಗಳೇ, ನಾನು ಬೈದಿದ್ದನ್ನೆಲ್ಲ ಆ ಹೊಳೆಗೆ ಹಾಕಿಬಿಡು," ಎಂದ. "ನನ್ನ ಹತ್ರ ಹನ್ನೆರಡು ಟ್ಯಾಕ್ಸಿ ಇದೆ. ನಿನ್ನಂಥ ಡ್ರೈವರ್ ಒಬ್ರೂ ಇಲ್ಲ. ಆಂಟಿಗಾಗೆ ಬಂದುಬಿಡು."

"ಆ ರೊಟ್ಟಿ ಮೇಲೆ ಅವಳೇನು ಓಡಿಸ್ತಾಳೆ?" ಎಂದಳು ಇವಾಡ್ನೆ. "ಅವಳಿಗೆ ಇಲ್ಲಿ ಕೆಲಸ ಇದೆ."

ಜೂನೆಲ್ ತಲೆ ಎತ್ತಿ ಅತ್ತೆಯನ್ನು ನೋಡಿದಳು. ಇವಾಡ್ನೆ ಪಾತ್ರೆ ಮುಚ್ಚುವುದರಲ್ಲಿ ಮುಳುಗಿದವಳ ಹಾಗೆ ಬಾಗಿದಳು.

"ಅಂದ ಹಾಗೆ ಆ ಮದುವೆ ಕಥೆ," ಎಂದಳು ಯಾರನ್ನೂ ನೋಡದೆ. "ಅಂಚು ತಾನಾಗಿ ಬಿಚ್ಚಿ ಹೋಗಿರ್ಲಿಲ್ಲ. ಮದುಮಗಳು ಮದುವೆ ಬೇಡ ಅಂತ ಓಡಿ ಹೋಗೋಕೆ ನೋಡಿದ್ಲು, ಗೇಟಿಗೆ ಸಿಕ್ಕಿ ಹರಿದುಹೋಯ್ತು. ನಾನು ಹೊಲೀತಾ ಹೊಲೀತಾ ಕೆಳಗಿಂದ ಅವಳಿಗೆ ಧೈರ್ಯ ಹೇಳ್ತಾ ಹೋದೆ. ಹೇಳೋದಾದ್ರೆ ಸರಿಯಾಗಿ ಹೇಳು."

"ನೀನು ಇದನ್ನ ಯಾವತ್ತೂ ಹೇಳೇ ಇಲ್ಲ!"

"ಅವಳು ಬದುಕಿರೋವರೆಗೂ ಹೇಳಬಾರದು ಅಂತ ಇತ್ತು. ಇನ್ನೂ ಇಂಥವು ಬೇಕಾದಷ್ಟಿವೆ. ಭಾನುವಾರ ಬಾ, ಹಿಟ್ಟು ನಾದ್ತಾ ಹೇಳ್ತೀನಿ. ಮೇಜಿನ ಕೆಳಗೆ ಅಲ್ಲ, ಮೇಲೆ ಕೂತು ಕೇಳು."

ರಾಡಿಯ ಮೊರೆತ ಇಳಿದು, ಇಳಿದು, ತೊರೆಯ ಸದ್ದಿನಷ್ಟಾಯಿತು. ಆಗ ಲೋಯಿಸ್ "ಅಯ್ಯೋ, ನೋಡಿ ನೋಡಿ" ಎಂದಳು. ಮಳೆ ಸುರಿಸಿ ಹಗುರಾದ ಮೋಡ ಸರಿದುಹೋಗಿ, ಬೆಳಗಿನಿಂದ ಕಾಣದಿದ್ದ ಬೆಟ್ಟ ಬುಡದಿಂದ ತುದಿಯವರೆಗೆ ತೆರೆದುಕೊಂಡಿತ್ತು. ಇವಾಡ್ನೆಗೆ ನೆನಪಿದ್ದ ಹಸಿರು, ದುಂಡನೆಯ ಬೆಟ್ಟ ಅದಾಗಿರಲಿಲ್ಲ. ಅದಕ್ಕಿಂತ ಎತ್ತರಕ್ಕೆ ಬೆಳೆದು, ಬೋಳಾಗಿ, ಮೈಯೆಲ್ಲ ಬಿರುಕು ಬಿಟ್ಟು, ಭುಜದ ಒಂದು ಕಡೆಯಿಂದ ಬಿಳಿ ಹಬೆ ಬಿಡುತ್ತ ಕೂತಿತ್ತು. ಇಳಿಬಿಸಿಲು ಬಿದ್ದು ಆ ಬೋಳು ಬಂಡೆಯೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಅವಳು ಎದ್ದು ಮರದ ನೆರಳಿನಿಂದ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಜೂನೆಲ್ ಬಂದು ಪಕ್ಕದಲ್ಲಿ ನಿಂತಳು.

"ಚೆಂದ ಇದೆ ಕಣೇ, ಹಾಳಾದ್ದು," ಎಂದಳು ಇವಾಡ್ನೆ.

ದಾಟಬಹುದೇ ಎಂದು ಬಾರ್ಟ್ ಮೆಲ್ಲಗೆ ಕೇಳಿದ. ಈ ಸಲ ಕಾನ್ರಾಯ್ "ಶ್!" ಎಂದು ಅವನ ಬಾಯಿ ಮುಚ್ಚಿಸಿ, ಜೂನೆಲ್ ಕಡೆ ಕೈ ತೋರಿಸಿದ. ಅವಳು ಇನ್ನೂ ಸ್ವಲ್ಪ ತಡೆಯಿರಿ ಎಂಬಂತೆ ಅಂಗೈ ಎತ್ತಿದಳು.

ಖಾಲಿ ಮನೆಗಳ ಕಡೆಯಿಂದ ಕೆಂದ ಹಸುವೊಂದು ಇಳಿದು ಬಂತು. ಕೊರಳಲ್ಲಿ ಹಗ್ಗವಿಲ್ಲ, ಕಿವಿಯಲ್ಲಿ ಗುರುತಿಲ್ಲ. ಊರು ಬಿಟ್ಟು ಹೋದ ಯಾರ ಹಸುವಿನ ಎಷ್ಟನೆಯ ತಲೆಮಾರೋ. ಹಿಂದೆ ಕರು. ಹಸು ಹೊಸ ರಾಡಿಯ ಅಂಚಿನಲ್ಲಿ ನಿಂತು ಮೂಸಿತು, ಒಂದು ಕಾಲಿಟ್ಟು ಕಾದಿತು, ಇನ್ನೊಂದು ಕಾಲಿಟ್ಟಿತು. ಆಮೇಲೆ ಅವಸರವಿಲ್ಲದೆ ಆಚೆ ದಡಕ್ಕೆ ನಡೆಯತೊಡಗಿತು. ಅದರ ಗೊರಸಿನ ಗುರುತುಗಳಲ್ಲಿ ಒಂದೊಂದಾಗಿ ನೀರು ತುಂಬುತ್ತ ಬಂತು, ಕರು ಆ ಗುರುತುಗಳನ್ನು ಬಿಟ್ಟು ಪಕ್ಕದಲ್ಲಿ ಕುಣಿಯುತ್ತ ಹೋಯಿತು.